ರಿಪೋರ್ಟ್ ನಾರ್ಮಲ್, ನೋವು ಮಾತ್ರ ಹಾಗೇ ಇದೆ

ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ ದಿನವಿಡೀ ಮೆಷಿನ್ ಮುಂದೆ ಕೂರುವವರನ್ನು, ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಯಲ್ಲಿ ನೈಟ್ ಶಿಫ್ಟ್ ಮಾಡುವ ನಮ್ಮ ಊರಿನ ಮಕ್ಕಳನ್ನು ಒಮ್ಮೆ ಕೇಳಿ ನೋಡಿ. ಕೆಲವರಾದರೂ ಹೇಳುತ್ತಾರೆ: ‘ಮೈಯೆಲ್ಲ ನೋವು, ಎಷ್ಟು ಮಲಗಿದ್ರೂ ಸುಸ್ತು ಹೋಗಲ್ಲ.’ ರಕ್ತಪರೀಕ್ಷೆ, ಎಕ್ಸ್‌ರೇ ಎಲ್ಲ ನಾರ್ಮಲ್. ಅಲ್ಲಿಗೆ ಸೂಪರ್‌ವೈಸರ್ ನಾಟಕ ಅಂತಾನೆ, ಮನೆಯವರು ಸೋಮಾರಿತನ ಅಂತಾರೆ. ಮಸೀದಿಯಲ್ಲಿ ಕುರ್ಚಿ ಎಳೆದುಕೊಂಡು ಕೂತು ನಮಾಝ್ ಮಾಡುವ ಯುವಕನನ್ನು ನಾವು ನೋಡುವ ನೋಟವೂ ಅದೇ.

ಎಲ್ಲ ಸುಸ್ತೂ ಒಂದೇ ಕಾಯಿಲೆಯಲ್ಲ. ಥೈರಾಯ್ಡ್, ರಕ್ತಹೀನತೆ, ಸಕ್ಕರೆ ಇದೆಯೇ ಎಂದು ಮೊದಲು ತಪಾಸಣೆ ಮಾಡಿಸಲೇಬೇಕು. ಅವೆಲ್ಲ ಸರಿಯಿದ್ದೂ ಮೈಯ ಹಲವು ಕಡೆ ಮೂರು ತಿಂಗಳು ಮೀರಿ ನೋವಿದ್ದರೆ ಅದು ಫೈಬ್ರೊಮಯಾಲ್ಜಿಯಾ ಇರಬಹುದು. ಆರು ತಿಂಗಳಾದರೂ ಬಿಡದ ಸುಸ್ತು, ತುಸು ಶ್ರಮಪಟ್ಟರೂ ಮರುದಿನ ಏಳಲಾಗದ ಸ್ಥಿತಿ ಇದ್ದರೆ ಕ್ರಾನಿಕ್ ಫಟೀಗ್ ಸಿಂಡ್ರೋಮ್ ಇರಬಹುದು. ಇದು ಬೇರೊಂದು ಹೆಸರಿನಲ್ಲಿ 1969ರಿಂದಲೇ ವಿಶ್ವ ಆರೋಗ್ಯ ಸಂಸ್ಥೆಯ ನರಸಂಬಂಧಿ ಕಾಯಿಲೆಗಳ ಪಟ್ಟಿಯಲ್ಲಿದೆ. ‘ವ್ಯಾಯಾಮ ಮಾಡು, ಸರಿಹೋಗುತ್ತೆ’ ಎಂಬ ಮಾತು ಫೈಬ್ರೊಮಯಾಲ್ಜಿಯಾದಲ್ಲಿ ಹದವರಿತು ಮಾಡಿದರೆ ನಿಜ. ಈ ಎರಡನೆಯದರಲ್ಲಿ ದಿನೇ ದಿನೇ ವ್ಯಾಯಾಮ ಹೆಚ್ಚಿಸುವ ಪದ್ಧತಿಯನ್ನು ಬ್ರಿಟನ್ನಿನ ಮಾರ್ಗಸೂಚಿ 2021ರಲ್ಲಿ ಕೈಬಿಟ್ಟಿದೆ. ಎರಡನ್ನೂ ಖಚಿತಪಡಿಸುವ ರಕ್ತಪರೀಕ್ಷೆ ಇಲ್ಲ. ರೋಗಿ ಹೇಳುವ ಮಾತೇ ಮುಖ್ಯ ಸಾಕ್ಷಿ. ಆ ಮಾತನ್ನು ನಂಬದಿದ್ದರೆ ಚಿಕಿತ್ಸೆ ಶುರುವಾಗುವುದೇ ಇಲ್ಲ.

ಕಾನೂನೂ ಇವರನ್ನು ಸರಿಯಾಗಿ ಕಂಡಿಲ್ಲ. ತಿಂಗಳಿಗೆ 21,000 ರೂ.ವರೆಗೆ ಸಂಬಳ ಇರುವವರಿಗೆ ಇಎಸ್‌ಐ ಇದೆ. ವಂತಿಗೆಯ ದಿನಗಳು ಭರ್ತಿಯಾಗಿದ್ದರೆ, ಇಎಸ್‌ಐ ವೈದ್ಯರ ಸರ್ಟಿಫಿಕೇಟ್ ಮೇಲೆ ವರ್ಷಕ್ಕೆ 91 ದಿನ ಶೇ. 70ರಷ್ಟು ಸಂಬಳ ಸಿಗುತ್ತದೆ. ಅದಕ್ಕೂ ಮೀರಿದ ನೆರವು ಮುಖ್ಯವಾಗಿ 34 ದೀರ್ಘಕಾಲದ ರೋಗಗಳಿಗೆ. ಆ ಪಟ್ಟಿಯಲ್ಲಿ ಈ ಎರಡರ ಹೆಸರೂ ಇಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವಿಧಗಳಲ್ಲೂ ಇಲ್ಲ. ಐಟಿಯವರ ಕಂಪೆನಿ ವಿಮೆ ಸಾಮಾನ್ಯವಾಗಿ ಅಡ್ಮಿಟ್ ಆದರೆ ಮಾತ್ರ ಹಣ ಕೊಡುತ್ತದೆ. ಈ ಕಾಯಿಲೆಗೆ ಅಡ್ಮಿಟ್ ಮಾಡಿಕೊಳ್ಳುವುದೇ ಅಪರೂಪ.

ಕಿಡ್ನಿ, ಹೃದಯದ ಆಪರೇಷನ್ ಅಂದರೆ ನಮ್ಮ ಜಮಾಅತ್‌ಗಳು, ಸಂಘಟನೆಗಳು ರಾತ್ರೋರಾತ್ರಿ ಹಣ ಒಟ್ಟು ಮಾಡುತ್ತವೆ. ಅದು ಮೆಚ್ಚುವಂಥದ್ದೇ. ಇಲ್ಲಿ ತೋರಿಸಲು ದೊಡ್ಡ ಬಿಲ್ ಇಲ್ಲ, ಹಾಗಾಗಿ ಯಾರೂ ಕೇಳುವುದಿಲ್ಲ. ಇಲ್ಲಿ ಬೇಕಾಗಿರುವುದು ಹಣಕ್ಕಿಂತ ಜೊತೆಗೆ ಬರುವ ಒಬ್ಬ ಮನುಷ್ಯ. ಪೀಣ್ಯದ್ದೋ ರಾಜಾಜಿನಗರದ್ದೋ ಇಎಸ್‌ಐ ಆಸ್ಪತ್ರೆಯ ಕ್ಯೂನಲ್ಲಿ ನಿಂತು, ಯಾವ ದಿನ ಎಲ್ಲಿ ನೋವಿತ್ತು, ಯಾವ ಕೆಲಸ ಆಗಲಿಲ್ಲ ಎಂದು ಬರೆದಿಟ್ಟ ಚೀಟಿಯನ್ನು ವೈದ್ಯರ ಮುಂದಿಟ್ಟು, ಕಾಯಿಲೆಯ ಹೆಸರನ್ನು ಬರವಣಿಗೆಯಲ್ಲಿ ಕೇಳಿ ಪಡೆಯುವವರು. ಕನ್ನಡ ಓದಲು ಬಾರದ ಒಡಿಶಾ, ಬಿಹಾರದ ಕಾರ್ಮಿಕರಿಗೂ ಇದೇ ನೆರವು ಬೇಕು. ಅವರನ್ನು ಬಿಟ್ಟು ಮಾಡುವ ಕೆಲಸವಲ್ಲ ಇದು.

ಇಎಸ್‌ಐನ 34ರ ಪಟ್ಟಿಗೆ ಈ ಎರಡೂ ಸೇರಬೇಕೆಂಬ ಮನವಿಯನ್ನು ಕಾರ್ಮಿಕ ಸಂಘಗಳ ಜೊತೆ ಸೇರಿ ನಮ್ಮವರೂ ಸಲ್ಲಿಸಲಿ. ಮೇ 12 ಈ ರೋಗಗಳ ಅಂತರರಾಷ್ಟ್ರೀಯ ಜಾಗೃತಿ ದಿನ. ಅಷ್ಟರೊಳಗೆ ಸಹಿ ಸಂಗ್ರಹ ಮುಗಿಸಬಹುದು.