ಕಾರಿನ ಹೊಳಪಿಗೆ ಇಷ್ಟು ಹಣವೇ?

ಹೊಸ ಕಾರು ಕೊಂಡವರನ್ನು ಸೆರಾಮಿಕ್ ಲೇಪ ಹಾಕಿಸಿರೆಂದು ಒತ್ತಾಯಿಸುವುದುಂಟು. ಹತ್ತಿಪ್ಪತ್ತು ಸಾವಿರ ರೂಪಾಯಿಯ ಮಾತು. ಲೇಪದ ದಪ್ಪವೋ ಕೆಲವೇ ಮೈಕ್ರಾನ್. ತಲೆಗೂದಲೇ ಸುಮಾರು 70 ಮೈಕ್ರಾನ್! ನೀರು ಜಾರುತ್ತದೆ, ಹಕ್ಕಿಯ ಹಿಕ್ಕೆ ಸುಲಭವಾಗಿ ಹೋಗುತ್ತದೆ, ನಿಜ. ಆದರೆ ಟಿಪ್ಪರಿನಿಂದ ಸಿಡಿದ ಜಲ್ಲಿಯ ಏಟನ್ನು ಅದು ತಡೆಯದು. ಅದಕ್ಕೆ 150-200 ಮೈಕ್ರಾನಿನ ಪಾಲಿಯುರೆಥೇನ್ ಹಾಳೆ ಬೇಕು. ಬೆಲೆ ಇನ್ನೂ ಹಲವು ಪಟ್ಟು.

ನಮ್ಮ ಕಾಸರಗೋಡಿನ ಕಡಲತಡಿಯಲ್ಲಿ ಕಾರನ್ನು ತಿನ್ನುವುದು ಉಪ್ಪುಗಾಳಿ, ಅದೂ ಹೆಚ್ಚಾಗಿ ಅಡಿಯಿಂದ. ಗೋಡೆಗೆ ಸುಣ್ಣ ಬಳಿದರೆ ಮಾಡು ಸೋರುವುದು ನಿಲ್ಲುವುದೇ? ಅದೇ ಹಣದಲ್ಲಿ ಶೀಟಿನ ಮಾಡು ಹಾಕಿಸಿ, ಮಳೆಗಾಲದಲ್ಲಿ ಚಕ್ರದ ಸಂದಿಯ ಕೆಸರು ತೊಳೆಸಿ, ಆಗಾಗ ವ್ಯಾಕ್ಸ್ ಹಚ್ಚುವುದೇ ಲೇಸು. ದಿನವಿಡೀ ಬಿಸಿಲಲ್ಲಿ ಕಾರು ನಿಲ್ಲಿಸುವವರು ಬೇಕಾದರೆ ಲೇಪದ ಯೋಚನೆ ಮಾಡಲಿ. ಖಾತರಿ ಪತ್ರದಲ್ಲಿ ಯಾವುದು ಸೇರಿಲ್ಲವೆಂಬುದನ್ನು ಮಾತ್ರ ಹಣ ಕೊಡುವ ಮೊದಲೇ ಓದಿಕೊಳ್ಳಲಿ.