ಕೂಗಬೇಡಿ ಸ್ವಾಮಿ, ಮುಖ ತೋರಿಸಿ

ಕಿವಿಯ ಹಿಂದೆ ಒಂದು ಯಂತ್ರ, ಅದರಿಂದ ಹೊರಟ ವೈರು, ವೈರಿನ ತುದಿಗೆ ತಲೆಗೂದಲ ನಡುವೆ ಅಂಟಿಕೊಂಡ ಗುಂಡನೆಯ ಬಿಲ್ಲೆ. ಇಂಥದ್ದನ್ನು ಹಾಕಿಕೊಂಡವರನ್ನು ಮೈಸೂರಿನ ಸಿಟಿ ಬಸ್ಸಿನಲ್ಲಿ ನೀವು ನೋಡಿರಬಹುದು. ಮಾನಸಗಂಗೋತ್ರಿಯಲ್ಲಿ ವಾಕ್ ಶ್ರವಣ ಸಂಸ್ಥೆ ಇಟ್ಟುಕೊಂಡಿರುವ ಊರು ನಮ್ಮದು, ನೋಡದಿದ್ದರೇ ಆಶ್ಚರ್ಯ. ಅದರ ಹೆಸರು ಕಾಕ್ಲಿಯರ್ ಇಂಪ್ಲಾಂಟ್. ಹಳೆಯ ಹಿಯರಿಂಗ್ ಏಡ್ ಸದ್ದನ್ನು ದೊಡ್ಡದು ಮಾಡುತ್ತೆ, ಅಷ್ಟೇ. ಇದು ಸದ್ದನ್ನು ವಿದ್ಯುತ್ತಾಗಿಸಿ, ಆಪರೇಷನ್ ಮಾಡಿ ಒಳಗಿವಿಯಲ್ಲಿ ಇಟ್ಟ ತಂತಿಯ ಮೂಲಕ ನೇರ ನರಕ್ಕೇ ಮುಟ್ಟಿಸುತ್ತೆ.

ಇಷ್ಟು ತಿಳಿದ ಕೂಡಲೇ ನಮ್ಮ ಜನ "ಮಿಷಿನ್ ಹಾಕಿಸಿಕೊಂಡನಲ್ಲ, ಇನ್ನು ಎಲ್ಲಾ ಕೇಳುತ್ತೆ ಬಿಡಿ" ಅಂತ ಜಡ್ಜ್‌ಮೆಂಟ್ ಕೊಟ್ಟುಬಿಡ್ತಾರೆ. ಎಡವೋದು ಅಲ್ಲೇ.

ಒಳ್ಳೆ ಕಿವಿಯೊಳಗೆ ಸದ್ದು ಹಿಡಿದು ನರಕ್ಕೆ ದಾಟಿಸುವ ಕೂದಲಿನಂಥ ಕೋಶಗಳು ಸುಮಾರು 3,500. ಈ ಯಂತ್ರದ ತಂತಿಯಲ್ಲಿ ಆ ಕೆಲಸಕ್ಕೆ ಇರೋದು, ಕಂಪನಿಗೆ ತಕ್ಕಂತೆ, 12ರಿಂದ 22 ಬಿಂದುಗಳು. ಸ್ವಿಚ್ ಹಾಕಿದ ದಿನ ಅನೇಕರಿಗೆ ಹೆಂಡತಿಯ ದನಿಯೂ ತಗಡು ಬಡಿದಂತೆ ಕೇಳುತ್ತೆ. ಅದರಿಂದ ಮಾತು ಹೆಕ್ಕಿಕೊಳ್ಳೋಕೆ ತಿಂಗಳುಗಟ್ಟಲೆ ಅಭ್ಯಾಸ ಬೇಕು. ಮೊದಲು ಕೇಳುತ್ತಿದ್ದು ನಡುವೆ ಕಿವಿ ಹೋದವರು ಬೇಗ ಹಿಡೀತಾರೆ. ಹುಟ್ಟಾ ಕೇಳದೆ ದೊಡ್ಡವರಾದವರಿಗೆ ಬಲು ಕಷ್ಟ. ಅವರಲ್ಲಿ ಅನೇಕರು ನಮಗೆ ಸನ್ನೆ ಭಾಷೆಯೇ ಸಾಕು, ಯಂತ್ರ ಬೇಡ ಅಂತಾರೆ. ಬೇಡ ಅಂದವರಿಗೆ ಬುದ್ಧಿ ಹೇಳೋಕೆ ನಾವ್ಯಾರು?

ಅಭ್ಯಾಸವಾದ ಮೇಲೆ ಮನೆಯಲ್ಲಿ ಎದುರುಬದುರು ಕೂತರೆ ಮಾತು ಚೆನ್ನಾಗೇ ನಡೆಯುತ್ತೆ. ಫೋನಿನಲ್ಲಿ ಮಾತಾಡುವವರೂ ಇದ್ದಾರೆ. ಅದೇ ಮನುಷ್ಯ ಸಂಜೆ ಆರಕ್ಕೆ ಬಸ್ ಸ್ಟ್ಯಾಂಡಿಗೆ ಬರಲಿ. ಹಾರನ್, ಇಂಜಿನ್, ನಾಲ್ಕು ಜನರ ಕೂಗು ಕಲೆಸಿ ಒಂದೇ ಗದ್ದಲ. ಕಂಡಕ್ಟರು ಬೆನ್ನ ಹಿಂದಿನಿಂದ "ಎಲ್ಲಿಗ್ರೀ?" ಅಂದರೆ ತಿಳಿಯೋದಿಲ್ಲ. ಎರಡನೇ ಸಲ ಕೂಗ್ತಾರೆ. ಮೂರನೇ ಸಲ "ಕಿವಿ ಕೇಳಲ್ವೇನ್ರೀ?" ಹೌದು ಸ್ವಾಮಿ, ಕೇಳಲ್ಲ. ಕೂಗಿದರೆ ದನಿ ಒಡೆಯುತ್ತೆ, ತುಟಿ ಸೊಟ್ಟಗಾಗುತ್ತೆ, ಮಾತು ಇನ್ನಷ್ಟು ಕೆಡುತ್ತೆ. ಎದುರಿಗೆ ಬಂದು ಮಾಮೂಲಿ ದನಿಯಲ್ಲಿ ಒಮ್ಮೆ ಹೇಳಿ, ಸಾಕು. ರಾತ್ರಿ ಯಂತ್ರ ತೆಗೆದಿಟ್ಟು ಮಲಗಿದರೆ ಬಾಗಿಲು ಬಡಿದದ್ದೂ, ಕೂಸು ಅತ್ತದ್ದೂ ಗೊತ್ತಾಗಲ್ಲ. ಹೆಲ್ಮೆಟ್ ಏರಿಸಿದರೆ ಬಿಲ್ಲೆ ಜಾರುತ್ತೆ. ಬ್ಯಾಟರಿ ಮುಗಿದರೆ ಮಾತಿನ ನಡುವೆಯೇ ಎಲ್ಲಾ ಬಂದ್.

ಅಂಗಡಿಯವರೂ ಅಷ್ಟೇ, ತಕ್ಕಡಿ ಕಡೆ ತಿರುಗಿಕೊಂಡು ರೇಟು ಹೇಳಬೇಡಿ. ಚೀಟಿಯಲ್ಲಿ ಬರೆಯಿರಿ, ಇಲ್ಲವೇ ಕ್ಯಾಲ್ಕುಲೇಟರ್ ತಿರುಗಿಸಿ ತೋರಿಸಿ. ಈ ಯಂತ್ರದ ಕಥೆಯಲ್ಲೂ ಒಂದು ಅಂಗಡಿ ಇದೆ. ಆಸ್ಟ್ರೇಲಿಯಾದ ಕ್ಯಾಮ್ಡನ್ ಊರಿನಲ್ಲಿ ಔಷಧಿ ಅಂಗಡಿ ಇಟ್ಟಿದ್ದವರೊಬ್ಬರಿಗೆ ಕಿವಿ ಮಂದ. ಗಿರಾಕಿಗಳು ಗುಟ್ಟಿನ ಸಾಮಾನನ್ನೂ ಎಲ್ಲರ ಮುಂದೆ ಕೂಗಿ ಕೇಳಬೇಕಿತ್ತು! ಅದನ್ನು ನೋಡುತ್ತಾ ಬೆಳೆದ ಮಗನೇ ಗ್ರೇಮ್ ಕ್ಲಾರ್ಕ್. 1978ರಲ್ಲಿ ಮೆಲ್ಬರ್ನಿನಲ್ಲಿ, ಅಪಘಾತದಿಂದ ಕಿವಿ ಕಳೆದುಕೊಂಡಿದ್ದ ರಾಡ್ ಸಾಂಡರ್ಸ್ ಎಂಬುವರಿಗೆ ಹಲವು ಬಿಂದುಗಳ ಯಂತ್ರ ಕೂರಿಸಿದವರು ಅವರು. ಸಾಂಡರ್ಸ್ ಮಗುವಲ್ಲ, ನಡುವಯಸ್ಸಿನವರು. ಅಮೆರಿಕದಲ್ಲೂ ಸರ್ಕಾರದ ಒಪ್ಪಿಗೆ 1984ರಲ್ಲಿ ಸಿಕ್ಕಿದ್ದು ದೊಡ್ಡವರಿಗೆ. ಮಕ್ಕಳ ಸರದಿ ಬಂದದ್ದು 1990ರಲ್ಲಿ.

ನಮ್ಮಲ್ಲಿ ಲೆಕ್ಕ ತಿರುಗುಮುರುಗು. ಕೇಂದ್ರದ ಅಡಿಪ್ ಯೋಜನೆಯನ್ನು 2014ರಲ್ಲಿ ತಿದ್ದಿದಾಗ ಈ ಯಂತ್ರಕ್ಕೆ ತಲಾ 6 ಲಕ್ಷದವರೆಗೆ ಅಂತ ಇಟ್ಟರು, ಆದರೆ ಮಕ್ಕಳಿಗೆ ಮಾತ್ರ. ಎಳೆಯ ಮಿದುಳು ಭಾಷೆ ಬೇಗ ಕಲಿಯುತ್ತೆ, ಮಕ್ಕಳಿಗೆ ಮೊದಲು ಕೊಟ್ಟದ್ದು ಸರಿಯೇ. ನಲವತ್ತರಲ್ಲಿ ಕಾಯಿಲೆ ಬಂದು ಕಿವಿ ಹೋದ ದಿನಸಿ ವ್ಯಾಪಾರಿ ಏನು ಮಾಡಬೇಕು? ಗಿರಾಕಿಯ ಮಾತು ಕೇಳದಿದ್ದರೆ ಗಲ್ಲಾ ನಡೆಯಲ್ಲ. ಗಲ್ಲಾ ನಡೆಯದೆ ಲಕ್ಷಗಟ್ಟಲೆ ಎಲ್ಲಿಂದ ತರಬೇಕು?

ಇನ್ನೊಂದು ಸಂಗತಿಯನ್ನು ಯಾರೂ ಎತ್ತುತ್ತಿಲ್ಲ. ಒಳಗಿನ ತಂತಿ ಬಹುಕಾಲ ಬಾಳುತ್ತೆ. ಹೊರಗಿನ ಯಂತ್ರ ಹಾಗಲ್ಲ, ಕೆಲವು ವರ್ಷಕ್ಕೆ ಸವೆಯುತ್ತೆ. ಮಾಡೆಲ್ ಹಳೆಯದಾದರೆ ಕಂಪನಿಯವರು ಸ್ಪೇರ್ ಕೊಡೋದು ನಿಲ್ಲಿಸ್ತಾರೆ, ಹೊಸದು ಕೊಳ್ಳಬೇಕು. ಯೋಜನೆಯ ಮೊದಲ ವರ್ಷಗಳಲ್ಲಿ ಯಂತ್ರ ಪಡೆದ ನಾಲ್ಕೈದು ವರ್ಷದ ಮಕ್ಕಳು ಈಗ ಹದಿನೆಂಟರ ಹತ್ತಿರ ಬಂದಿದ್ದಾರೆ, ಕೆಲಸ ಹುಡುಕಿಕೊಂಡು ಇದೇ ಬಸ್ಸು ಹತ್ತಲಿದ್ದಾರೆ. ಅವರ ಯಂತ್ರ ಕೈಕೊಟ್ಟ ದಿನ ದುಡ್ಡು ಯಾರ ಜೇಬಿನಿಂದ? ನಮ್ಮ ಎಂ.ಪಿ. ಸಾಹೇಬರು ದಿಲ್ಲಿಯಲ್ಲಿ ಈ ಪ್ರಶ್ನೆಯೊಂದನ್ನು ಕೇಳಿ, ಉತ್ತರ ತಂದು ಹೇಳಲಿ.