ಮೊದಲ ಬೈಕು: ಒಳಗೆ ನೋಡಿ ಕೊಳ್ಳಿರಿ

ಹಂಪಿಯನ್ನು ಹೊರಗೆ ನೋಡು, ಉಜ್ಜಿನಿಯನ್ನು ಒಳಗೆ ನೋಡು ಎಂಬ ಮಾತು ನಮ್ಮ ಸೀಮೆಯಲ್ಲಿ ಬಹುಕಾಲದಿಂದ ಪ್ರಚಲಿತವಾಗಿದೆ. ಶ್ರೀ ಮರುಳಸಿದ್ಧೇಶ್ವರ ಸ್ವಾಮಿಯ ದೇವಾಲಯದ ಒಳಗಿನ ಶಿಲ್ಪವನ್ನು ಕಣ್ಣಾರೆ ಕಂಡವರಿಗೆ ಈ ಮಾತಿನ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಈ ತಿಂಗಳು ನಾವು ಎತ್ತಿಕೊಂಡಿರುವ ವಿಷಯ ಲೌಕಿಕವಾದುದು. ಆದರೂ ಹಿರಿಯರ ಆ ಮಾತೇ ಅದಕ್ಕೂ ದಾರಿ ತೋರಿಸುತ್ತದೆ ಎಂಬುದು ನಮ್ಮ ಭಾವನೆ.

ಕಳೆದ ಜಾತ್ರೆಯ ಸಮಯದಲ್ಲಿ ಉಜ್ಜಿನಿ ಸಮೀಪದ ಸದ್ಭಕ್ತರೊಬ್ಬರು ನಮ್ಮನ್ನು ಕಂಡು ತಮ್ಮ ಮನೆಯ ಸಮಸ್ಯೆಯನ್ನು ಹೇಳಿಕೊಂಡರು. ಮಗನಿಗೆ ಹದಿನೆಂಟು ತುಂಬಿದೆ. ಕೊಟ್ಟೂರಿನ ಕಾಲೇಜಿಗೆ ಹೋಗಿಬರಬೇಕು, ಬಿಡುವಿನಲ್ಲಿ ಹೊಲಕ್ಕೂ ಹೋಗಬೇಕು. ಬಸ್ಸಿನ ವೇಳೆ ಹೊಂದುವುದಿಲ್ಲ. ಶೇಂಗಾ ಮಾರಿದ ಹಣದಲ್ಲಿ ಬೈಕು ಕೊಡಿಸಲು ತಂದೆ ಸಿದ್ಧರಿದ್ದಾರೆ. ಆದರೆ ಮಗನಿಗೆ ಹಳೆಯ ಆರ್‌ಎಕ್ಸ್ 100 ಗಾಡಿಯೇ ಬೇಕು. ಅದರ ಸದ್ದು, ಅದರ ನೆಗೆತ, ಗೆಳೆಯರ ನಡುವೆ ಅದಕ್ಕಿರುವ ಮಾನ, ಇವು ಅವನ ಮನಸ್ಸನ್ನು ಹಿಡಿದಿವೆ. ತಾಯಿಗೆ ಅದರ ಹೆಸರು ಕೇಳಿದರೇ ಎದೆ ನಡುಗುತ್ತದೆ. "ಅವನು ಟೂ ಸ್ಟ್ರೋಕ್ ಅಂತಾನ್ರೀ, ಇವಳು ಹೊಸದು ಅಂತಾಳ. ನೀವಾದ್ರೂ ಒಂದು ಮಾತು ಹೇಳ್ರಿ" ಎಂದರು ತಂದೆ. ಇದು ಒಂದು ಮನೆಯ ಪ್ರಶ್ನೆಯಲ್ಲವಾದುದರಿಂದ ಎಲ್ಲ ಬಂಧುಗಳಿಗೂ ಉಪಯೋಗವಾಗಲೆಂದು ಇಲ್ಲಿ ಬರೆಯುತ್ತಿದ್ದೇವೆ.

ಟೂ ಸ್ಟ್ರೋಕ್ ಗಾಡಿಗಳ ಮೇಲೆ ನಮ್ಮ ನಾಡಿಗಿರುವ ಪ್ರೀತಿ ನಿನ್ನೆ ಮೊನ್ನೆಯದಲ್ಲ. 1961ರಲ್ಲಿ ಮೈಸೂರಿನಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಆರಂಭವಾಯಿತು. ಮೊದಲು ಜಾವಾ, ಅನಂತರ ಯೆಜ್ಡಿ ಎಂಬ ಹೆಸರಿನಲ್ಲಿ ಅಲ್ಲಿ ತಯಾರಾದ ಗಾಡಿಗಳು ಎಷ್ಟೋ ಹಳ್ಳಿಗಳಲ್ಲಿ ಗೌಡರ, ಮಾಸ್ತರರ, ವೈದ್ಯರ ಮನೆಯ ಮುಂದೆ ನಿಂತಿದ್ದವು. ಗಡಿಯಾಚೆಯ ಹೊಸೂರಿನಿಂದ 1980ರಲ್ಲಿ ಟಿವಿಎಸ್ ಮೊಪೆಡ್ ಬಂದಿತು. 1985ರಲ್ಲಿ ಯಮಹಾ ಆರ್‌ಎಕ್ಸ್ 100 ಬಂದು ಯುವಕರ ಮನಸೂರೆಗೊಂಡಿತು. ಇವೆಲ್ಲವೂ ಟೂ ಸ್ಟ್ರೋಕ್. ಅದೇ 1985ರಲ್ಲಿ ಹೀರೋ ಹೋಂಡಾ ಸಿಡಿ 100 ಎಂಬ ಫೋರ್ ಸ್ಟ್ರೋಕ್ ಗಾಡಿಯೂ ಮಾರುಕಟ್ಟೆಗೆ ಬಂದಿತು. ಪೆಟ್ರೋಲ್ ತುಂಬಿಸಿ ಮರೆತುಬಿಡಿ ಎಂಬ ಅರ್ಥದ ಅದರ ಜಾಹೀರಾತು ಅನೇಕರಿಗೆ ಇನ್ನೂ ನೆನಪಿರಬಹುದು.

ಈ ಎರಡರ ನಡುವಿನ ವ್ಯತ್ಯಾಸವನ್ನು ತಿಳಿಯಬೇಕಾದರೆ ಎಂಜಿನ್ನಿನ ಒಳಗೆ ನೋಡಬೇಕು. ಸಿಲಿಂಡರಿನಲ್ಲಿ ಪಿಸ್ಟನ್ ಮೇಲೆ ಕೆಳಗೆ ಆಡುತ್ತಿರುತ್ತದೆ. ಅದರ ಒಂದು ಏರು ಅಥವಾ ಒಂದು ಇಳಿತಕ್ಕೆ ಸ್ಟ್ರೋಕ್ ಎನ್ನುವರು. ಫೋರ್ ಸ್ಟ್ರೋಕಿನಲ್ಲಿ ಗಾಳಿ ಪೆಟ್ರೋಲುಗಳ ಮಿಶ್ರಣವನ್ನು ಹೀರುವುದು, ಒತ್ತುವುದು, ಉರಿಸಿ ಬಲ ಪಡೆಯುವುದು, ಹೊಗೆಯನ್ನು ಹೊರದೂಡುವುದು ಎಂಬ ನಾಲ್ಕು ಕೆಲಸಗಳಿಗೆ ನಾಲ್ಕು ನಡೆ. ಎರಡು ಸುತ್ತಿಗೊಮ್ಮೆ ಮಾತ್ರ ಬಲ ಹುಟ್ಟುತ್ತದೆ. ಒಳಬರುವ ಮತ್ತು ಹೊರಹೋಗುವ ದಾರಿಗಳನ್ನು ವಾಲ್ವುಗಳು ಸಕಾಲಕ್ಕೆ ತೆರೆದು ಮುಚ್ಚುತ್ತವೆ. ಟೂ ಸ್ಟ್ರೋಕಿನಲ್ಲಿ ಈ ನಾಲ್ಕೂ ಕೆಲಸ ಎರಡೇ ನಡೆಯಲ್ಲಿ ಮುಗಿಯುತ್ತವೆ. ಪ್ರತಿ ಸುತ್ತಿಗೂ ಬಲ ಹುಟ್ಟುತ್ತದೆ. ಆದುದರಿಂದಲೇ 98 ಸಿಸಿಯ ಆರ್‌ಎಕ್ಸ್ 100 ಸುಮಾರು 11 ಅಶ್ವಶಕ್ತಿ ಕೊಡುತ್ತಿದ್ದರೆ, ಹೆಚ್ಚುಕಡಿಮೆ ಅಷ್ಟೇ ಗಾತ್ರದ ಸಿಡಿ 100 ಏಳರ ಆಸುಪಾಸಿನಲ್ಲಿ ನಿಲ್ಲುತ್ತಿತ್ತು. ಮಗನು ಮೆಚ್ಚಿದ ನೆಗೆತದ ಗುಟ್ಟು ಇದೇ.

ಆದರೆ ಆ ಅವಸರಕ್ಕೆ ಬೆಲೆಯೂ ಉಂಟು. ಹಳೆಯ ಹೊಗೆ ಹೊರಹೋಗುವ ದಾರಿ ತೆರೆದಿರುವಾಗಲೇ ಹೊಸ ಮಿಶ್ರಣ ಒಳಬರುವುದರಿಂದ ಅದರಲ್ಲಿ ಒಂದು ಪಾಲು ಉರಿಯದೆಯೇ ಸೈಲೆನ್ಸರಿನ ಮೂಲಕ ಹೊರಟುಹೋಗುತ್ತದೆ. ಕೊಂಡ ಪೆಟ್ರೋಲು ಗಾಳಿಗೆ ಸೇರುತ್ತದೆ. ಇದಲ್ಲದೆ ಪಿಸ್ಟನ್ನಿನ ಜಿಡ್ಡಿಗೆಂದು ಹಾಕಿದ ಆಯಿಲ್ ಪೆಟ್ರೋಲಿನೊಂದಿಗೇ ಉರಿದು ನೀಲಿ ಹೊಗೆಯಾಗುತ್ತದೆ. ಸೈಲೆನ್ಸರಿನಲ್ಲಿ ಮಸಿ ಕಟ್ಟುತ್ತದೆ, ಆಗಾಗ ಅದನ್ನು ಬಿಚ್ಚಿ ಶುಚಿ ಮಾಡಿಸಬೇಕಾಗುತ್ತದೆ.

ಟೂ ಸ್ಟ್ರೋಕನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ವಾಲ್ವುಗಳಿಲ್ಲದ ಆ ಸರಳ ಯಂತ್ರವನ್ನು ಹಳ್ಳಿಯ ಮೆಕ್ಯಾನಿಕನು ಮರದ ನೆರಳಿನಲ್ಲಿ ಬಿಚ್ಚಿ ಜೋಡಿಸುತ್ತಿದ್ದನು. ಹುಲ್ಲಿನ ಹೊರೆ, ಹಾಲಿನ ಕ್ಯಾನು, ಗೊಬ್ಬರದ ಚೀಲ ಹೊತ್ತು ಎಷ್ಟೋ ಮನೆಗಳ ಕಾಯಕವನ್ನು ಅದು ನಡೆಸಿಕೊಟ್ಟಿತು. ಆ ಋಣವನ್ನು ಮರೆಯಲಾಗದು. ನಾವೂ ಹಿಂದೆ ಒಂದು ಟೂ ಸ್ಟ್ರೋಕ್ ಗಾಡಿಯನ್ನು ಇಟ್ಟುಕೊಂಡಿದ್ದೆವು. ಒಮ್ಮೆ ನಾಲ್ಕು ಕಾಸು ಉಳಿಸುವ ಆಸೆಯಿಂದ ಆಯಿಲ್ ಸೇರಿಸದೆ ಬರಿಯ ಪೆಟ್ರೋಲ್ ಹಾಕಿಸಿ ಕೊಟ್ಟೂರಿನ ದಾರಿ ಹಿಡಿದೆವು. ನಡುದಾರಿಯಲ್ಲಿ ಪಿಸ್ಟನ್ ಬಿಸಿಯೇರಿ ಸಿಲಿಂಡರಿಗೆ ಕಚ್ಚಿಕೊಂಡಿತು. ಹಿಂದಿನ ಚಕ್ರ ತಟ್ಟನೆ ನಿಂತಿತು, ನಾವು ರಸ್ತೆಯ ಪಕ್ಕದ ಜಾಲಿಯ ಬುಡಕ್ಕೆ ಹೋಗಿ ಬಿದ್ದೆವು. ತಪ್ಪು ಗಾಡಿಯದಲ್ಲ, ನಮ್ಮದೇ. ಮೊಣಕಾಲಿನ ಮೇಲಿನ ಕಲೆ ಆ ದಿನದ ಪಾಠವನ್ನು ಇಂದಿಗೂ ನೆನಪಿಸುತ್ತಿದೆ. ಹಿಂದಿನಿಂದ ಲಾರಿಯೊಂದು ಬರುತ್ತಿದ್ದರೆ ಈ ಅಂಕಣ ಬರೆಯಲು ನಾವು ಇರುತ್ತಿರಲಿಲ್ಲ.

ಆದುದರಿಂದ ಹೊಸದಾಗಿ ಕಲಿಯುವವನ ಮಟ್ಟಿಗೆ ನಮ್ಮ ಮೊದಲ ಆಕ್ಷೇಪ ಸುರಕ್ಷತೆಯದು. ಟೂ ಸ್ಟ್ರೋಕಿನ ಬಲ ಒಂದು ವೇಗದವರೆಗೆ ಮಲಗಿದ್ದು ಅನಂತರ ಒಮ್ಮೆಲೇ ಎದ್ದುಬರುತ್ತದೆ. ಕೈ ಪಳಗದವನಿಗೆ ಅದು ಅಪಾಯ. ಆಕ್ಸಿಲರೇಟರ್ ಬಿಟ್ಟಾಗ ಫೋರ್ ಸ್ಟ್ರೋಕ್ ಎಂಜಿನ್ ಗಾಡಿಯನ್ನು ಹಿಡಿದು ನಿಧಾನಿಸುವಷ್ಟು ಟೂ ಸ್ಟ್ರೋಕ್ ನಿಧಾನಿಸುವುದಿಲ್ಲ, ಎಲ್ಲ ಭಾರವೂ ಹಳೆಯ ಬ್ರೇಕಿನ ಮೇಲೆಯೇ ಬೀಳುತ್ತದೆ. 125 ಸಿಸಿವರೆಗಿನ ಹೊಸ ಗಾಡಿಗಳಿಗೆ ಎರಡೂ ಚಕ್ರಗಳನ್ನು ಒಟ್ಟಿಗೆ ಹಿಡಿಯುವ ಬ್ರೇಕಿನ ಏರ್ಪಾಡು ಅಥವಾ ಎಬಿಎಸ್ 2019ರಲ್ಲಿ ಕಡ್ಡಾಯವಾಯಿತು. ಆರ್‌ಎಕ್ಸ್ 100ರ ತಯಾರಿಕೆ 1996ರಲ್ಲಿಯೇ ನಿಂತಿತು. ಅಂದರೆ ಇಂದು ಸಿಗುವ ಅತ್ಯಂತ ಹೊಸ ಆರ್‌ಎಕ್ಸ್ 100 ಗಾಡಿಯೂ ಅದನ್ನು ಬಯಸುವ ಹುಡುಗನಿಗಿಂತ ಹಿರಿಯದು!

ಎರಡನೆಯದು ಖರ್ಚು. ದಿನಕ್ಕೆ 40 ಕಿಲೋಮೀಟರ್, ತಿಂಗಳಿಗೆ 25 ದಿನ ಓಡಿಸಿದರೆ 1,000 ಕಿಲೋಮೀಟರ್. ಹಳೆಯ ಟೂ ಸ್ಟ್ರೋಕ್ ಲೀಟರಿಗೆ 40 ಕೊಟ್ಟರೆ ತಿಂಗಳಿಗೆ 25 ಲೀಟರ್ ಬೇಕು. 100 ಸಿಸಿಯ ಫೋರ್ ಸ್ಟ್ರೋಕ್ 65 ಕೊಟ್ಟರೆ ಹದಿನೈದೂವರೆ ಲೀಟರಿನೊಳಗೆ ಮುಗಿಯುತ್ತದೆ. ಲೀಟರಿಗೆ 100 ರೂಪಾಯಿ ಎಂದು ಹಿಡಿದರೂ ತಿಂಗಳಿಗೆ ಸುಮಾರು 950, ವರ್ಷಕ್ಕೆ 11,000 ರೂಪಾಯಿಗಿಂತ ಹೆಚ್ಚಿನ ಅಂತರ. ಟೂ ಸ್ಟ್ರೋಕಿನ ಆಯಿಲಿನ ಖರ್ಚು ಬೇರೆ. ಅಷ್ಟು ಹಣದಲ್ಲಿ ತಂಗಿಯ ಪುಸ್ತಕ, ಬಟ್ಟೆಯ ಖರ್ಚು ಕಳೆದು ದಾಸೋಹಕ್ಕೂ ಒಂದಿಷ್ಟು ಸಲ್ಲಿಸಬಹುದು.

ಮೂರನೆಯದು ಕಾಲದ ಗತಿ. ಹೊಗೆಯ ನಿಯಮಗಳು ಒಂದೊಂದಾಗಿ ಬಿಗಿಯಾದವು. 2017ರ ಏಪ್ರಿಲಿನಲ್ಲಿ ಬಿಎಸ್ 4, 2020ರ ಏಪ್ರಿಲಿನಲ್ಲಿ ಬಿಎಸ್ 6 ಜಾರಿಗೆ ಬಂದಿತು. ರೈತರ ನೆಚ್ಚಿನ ಎಕ್ಸ್‌ಎಲ್ ಕೂಡ 2015ರಲ್ಲಿ 100 ಸಿಸಿಯ ಫೋರ್ ಸ್ಟ್ರೋಕ್ ರೂಪ ತಾಳಿತು. ಮೈಸೂರಿನ ಕಾರ್ಖಾನೆ 1996ರಲ್ಲಿ ಮುಚ್ಚಿತು. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಹೆಸರುಗಳು ಮರಳಿ ಬಂದಾಗ ಒಳಗಿದ್ದ ಎಂಜಿನ್ ಫೋರ್ ಸ್ಟ್ರೋಕ್ ಆಗಿತ್ತು. ಹಾಗಾಗಿ ಇಂದು ಟೂ ಸ್ಟ್ರೋಕ್ ಬೈಕು ಬೇಕೆನ್ನುವವರು ಹಳೆಯದನ್ನೇ ಕೊಳ್ಳಬೇಕು. ಅದರ ಅಸಲಿ ಬಿಡಿಭಾಗಗಳು ವರ್ಷ ಕಳೆದಂತೆ ದುರ್ಲಭವಾಗುತ್ತಿವೆ.

ಹಳೆಯ ಗಾಡಿ ಕೊಳ್ಳುವವರು ಕಾಗದಪತ್ರಗಳ ಒಳಗೂ ನೋಡಬೇಕು. ನೋಂದಣಿ ಹದಿನೈದು ವರ್ಷಕ್ಕೆ ಮುಗಿಯುತ್ತದೆ, ಅನಂತರ ಐದೈದು ವರ್ಷಕ್ಕೆ ನವೀಕರಿಸಬೇಕು. ಎಂಜಿನ್ ಮತ್ತು ಚಾಸಿ ಸಂಖ್ಯೆಗಳು ಆರ್‌ಸಿ ಪುಸ್ತಕದೊಡನೆ ಅಕ್ಷರಶಃ ತಾಳೆಯಾಗಬೇಕು. ಬಣ್ಣ ಬಳಿದು ಹೊಳೆಯುವಂತೆ ಮಾಡಿದ ಗಾಡಿಯಲ್ಲಿ ಒಂದರ ಎಂಜಿನ್ ಇನ್ನೊಂದರ ಚಾಸಿಗೆ ಸೇರಿರಬಹುದು. ವಿಮೆ, ಹೊಗೆ ಪ್ರಮಾಣಪತ್ರ ಇಲ್ಲದ ಗಾಡಿಯನ್ನು ಅಂಗಳಕ್ಕೆ ತರಲೇಬಾರದು.

ಇನ್ನೊಂದು ಮಾತನ್ನು ತಂದೆ ತಾಯಿಗಳಿಗೆ ಒತ್ತಿ ಹೇಳಬೇಕಾಗಿದೆ. ಗೇರಿನ ಗಾಡಿಗೆ ಲೈಸೆನ್ಸ್ ದೊರೆಯುವುದು ಹದಿನೆಂಟು ತುಂಬಿದ ಮೇಲೆ. 2019ರ ತಿದ್ದುಪಡಿಯಂತೆ ಅಪ್ರಾಪ್ತ ಮಕ್ಕಳು ಗಾಡಿ ನಡೆಸಿ ಅಪರಾಧವೆಸಗಿದರೆ ಪಾಲಕರಿಗೆ ಅಥವಾ ಗಾಡಿಯ ಮಾಲೀಕರಿಗೆ 25,000 ರೂಪಾಯಿ ದಂಡ ಮತ್ತು ಮೂರು ವರ್ಷದವರೆಗೆ ಸೆರೆವಾಸದ ಶಿಕ್ಷೆಯುಂಟು, ಗಾಡಿಯ ನೋಂದಣಿಯೂ ಒಂದು ವರ್ಷ ರದ್ದಾಗುತ್ತದೆ. ಗಾಡಿಯ ಬೆಲೆಯ ಲೆಕ್ಕದಲ್ಲಿಯೇ ಐಎಸ್‌ಐ ಗುರುತಿನ ಎರಡು ಹೆಲ್ಮೆಟ್ಟುಗಳ ಬೆಲೆಯನ್ನೂ ಸೇರಿಸಿಕೊಳ್ಳಿರಿ. ಹಿಂದೆ ಕುಳಿತ ತಾಯಿಯ ತಲೆಯೂ ತಲೆಯೇ.

ಈ ಎಲ್ಲವನ್ನೂ ನಾವು ಆ ತಂದೆಯವರಿಗೆ ಹೇಳಿ, 100 ಅಥವಾ 110 ಸಿಸಿಯ ಫೋರ್ ಸ್ಟ್ರೋಕ್ ಗಾಡಿಯನ್ನೇ ಕೊಡಿಸಿರೆಂದು ಸಲಹೆ ಮಾಡಿದೆವು. ಮಗನನ್ನೂ ಕರೆಸಿ, ಮೂರು ನಾಲ್ಕು ವರ್ಷ ಇದರಲ್ಲಿ ಕೈ ಪಳಗಿಸಿಕೊ, ಆಮೇಲೆ ನಿನ್ನ ದುಡಿಮೆಯ ಹಣದಲ್ಲಿ ಹಳೆಯ ಗಾಡಿಯನ್ನು ಪ್ರೀತಿಯಿಂದ ಸಾಕಿಕೊ, ಯಾರೂ ಬೇಡವೆನ್ನರು ಎಂದೆವು. ಹುಡುಗ ಮುಖ ಸಪ್ಪಗೆ ಮಾಡಿಕೊಂಡನು, ಆದರೆ ತಿರಸ್ಕರಿಸಲಿಲ್ಲ. "ಸದ್ದು ಬರಂಗಿಲ್ಲಲ್ರೀ" ಎಂದು ಮಾತ್ರ ಹೇಳಿದನು. ಸದ್ದಿಲ್ಲದೆ ಮನೆ ಮುಟ್ಟುವ ಗಾಡಿಯೇ ತಾಯಿಗೆ ಇಂಪು ಎಂದು ನಾವು ಉತ್ತರಿಸಿದೆವು.

ಕೊನೆಯದಾಗಿ ಫೋರ್ ಸ್ಟ್ರೋಕ್ ಕೊಳ್ಳುವವರಿಗೂ ಒಂದು ಎಚ್ಚರಿಕೆ. ಇಲ್ಲಿ ಆಯಿಲ್ ಪೆಟ್ರೋಲಿನೊಂದಿಗೆ ಸೇರದೆ ಎಂಜಿನ್ನಿನ ಕೆಳಭಾಗದಲ್ಲಿ ಅಡಗಿರುತ್ತದೆ. ಕಣ್ಣಿಗೆ ಕಾಣದುದರಿಂದ ಮರೆಯುವವರೇ ಹೆಚ್ಚು. ಮರೆತರೆ ಈ ಎಂಜಿನ್ನೂ ಕಚ್ಚಿಕೊಳ್ಳುತ್ತದೆ. ಉಜ್ಜಿನಿಯಲ್ಲಿ ಪ್ರತಿವರ್ಷ ಜಾತ್ರೆಯಲ್ಲಿ ದೇವಾಲಯದ ಶಿಖರಕ್ಕೆ ತೈಲಾಭಿಷೇಕ ನಡೆಯುತ್ತದೆ. ಜರಿಮಲೆಯ ಪಾಳೆಯಗಾರ ಮನೆತನದಿಂದ ಎಣ್ಣೆ ಬರುವ ಪದ್ಧತಿ ತಲೆಮಾರುಗಳಿಂದ ನಡೆದುಬಂದಿದೆ. ಕಲ್ಲಿನ ಶಿಖರಕ್ಕೆ ಎಣ್ಣೆ ಎರೆಯುವ ದಿನವನ್ನು ಮರೆಯದ ನಾವು, ಮಗನ ಪ್ರಾಣವನ್ನು ಹೊತ್ತು ತಿರುಗುವ ಯಂತ್ರಕ್ಕೆ ಎಣ್ಣೆ ಬದಲಿಸುವ ದಿನವನ್ನು ಮರೆಯಬಹುದೇ? ಕಂಪನಿಯ ಪುಸ್ತಕದಲ್ಲಿ ಹೇಳಿದಷ್ಟು ಕಿಲೋಮೀಟರಿಗೆ ತಪ್ಪದೆ ಬದಲಿಸಿರಿ, ತಿಂಗಳಿಗೊಮ್ಮೆಯಾದರೂ ಅಳೆದು ನೋಡಿರಿ. ಆಯುಧಪೂಜೆಯ ದಿನ ಹೂಮಾಲೆ ಹಾಕಿ ವಿಭೂತಿ ಹಚ್ಚಿದರಷ್ಟೇ ಸಾಲದು. ವರ್ಷವಿಡೀ ಅದರ ಒಳಗನ್ನು ನೋಡಿಕೊಳ್ಳುವುದೂ ಪೂಜೆಯೇ. ಎಲ್ಲರ ಮಕ್ಕಳೂ ಸಂಜೆಗೆ ಸುಖವಾಗಿ ಮನೆ ಸೇರಲೆಂದು ಶ್ರೀ ಮರುಳಸಿದ್ಧನಲ್ಲಿ ಪ್ರಾರ್ಥಿಸುತ್ತೇವೆ.